ಮಾವೋರಿ ಹಕ್ಕುಗಳು: ವೈತಾಂಗಿ ಒಪ್ಪಂದ ಮತ್ತು ಭೂಮಿ ಹೋರಾಟ

ನ್ಯೂಜಿಲೆಂಡ್‌ಗೆ ಒಂದೇ ಗ್ರಂಥವಾಗಿ ಬರೆದಿಟ್ಟ ಸಂವಿಧಾನವಿಲ್ಲ. ಪರೀಕ್ಷಾ ಅಭ್ಯರ್ಥಿಗಳು ಮೊದಲು ತಿಳಿಯಬೇಕಾದದ್ದು ಇದು. ಅಲ್ಲಿನ ಮೂಲನಿವಾಸಿ ಮಾವೋರಿಗಳ ಹಕ್ಕಿನ ವಾದಕ್ಕೆ ಆಧಾರ, 1840ರ ಫೆಬ್ರವರಿ 6ರಂದು ಬ್ರಿಟಿಷ್ ಪ್ರತಿನಿಧಿ ವಿಲಿಯಂ ಹಾಬ್ಸನ್ ಮತ್ತು ಮಾವೋರಿ ಮುಖಂಡರು ಸಹಿ ಹಾಕಿದ ವೈತಾಂಗಿ ಒಪ್ಪಂದ. ಇಂಗ್ಲಿಷ್ ಪ್ರತಿ ಸಾರ್ವಭೌಮತ್ವವನ್ನೇ ಬ್ರಿಟಿಷ್ ರಾಣಿಗೆ ಒಪ್ಪಿಸಿತು. ಹೆಚ್ಚಿನ ಮುಖಂಡರು ಸಹಿ ಮಾಡಿದ ಮಾವೋರಿ ಪ್ರತಿ ಆಡಳಿತಾಧಿಕಾರವನ್ನಷ್ಟೇ ಬಿಟ್ಟುಕೊಟ್ಟಿತು. ಮುಂದಿನ ಹಲವು ವ್ಯಾಜ್ಯಗಳ ಮೂಲ ಇಲ್ಲಿದೆ.

1860ರ ದಶಕದಲ್ಲಿ ಸರ್ಕಾರ ಮತ್ತು ಮಾವೋರಿಗಳ ನಡುವೆ ನಡೆದ ಯುದ್ಧಗಳ ನಂತರ ಅಪಾರ ಮಾವೋರಿ ಜಮೀನು ಮುಟ್ಟುಗೋಲಾಯಿತು. 1867ರಲ್ಲಿ ಸಂಸತ್ತಿನಲ್ಲಿ ನಾಲ್ಕು ಮಾವೋರಿ ಸ್ಥಾನಗಳು ಬಂದವು.

ಆಧುನಿಕ ಹೋರಾಟದ ನಿಜವಾದ ತಿರುವು 1975. ಎಪ್ಪತ್ತೊಂಬತ್ತರ ವಯಸ್ಸಿನ ಮಾವೋರಿ ನಾಯಕಿ ಫೀನಾ ಕೂಪರ್ ನೇತೃತ್ವದಲ್ಲಿ ದೇಶದ ಉತ್ತರ ತುದಿಯ ತೆ ಹಾಪುವಾದಿಂದ ರಾಜಧಾನಿ ವೆಲಿಂಗ್ಟನ್‌ವರೆಗೆ ಸುಮಾರು 1,000 ಕಿ.ಮೀ. ಪಾದಯಾತ್ರೆ ನಡೆಯಿತು. ಇನ್ನು ಒಂದು ಎಕರೆ ನೆಲವನ್ನೂ ಬಿಡೆವು ಎಂಬುದೇ ಅವರ ಹಟ. ಅದೇ ವರ್ಷ ಒಪ್ಪಂದ ಉಲ್ಲಂಘನೆಯ ದೂರು ಕೇಳುವ ವೈತಾಂಗಿ ನ್ಯಾಯಮಂಡಳಿ ಕಾನೂನಿನ ಮೂಲಕ ರೂಪುಗೊಂಡಿತು. ಆದರೆ ಹಳೆಯ ಅನ್ಯಾಯಗಳನ್ನು ವಿಚಾರಿಸುವ ಅಧಿಕಾರ ಅದಕ್ಕೆ ಆಗ ಇರಲಿಲ್ಲ. 1840ರವರೆಗೆ ಹಿಂದಕ್ಕೆ ಹೋಗಲು 1985ರ ತಿದ್ದುಪಡಿಯೇ ಬೇಕಾಯಿತು. ನನ್ನ ದೃಷ್ಟಿಯಲ್ಲಿ ಮಂಡಳಿಯ ಸ್ಥಾಪನೆಗಿಂತ ಈ ತಿದ್ದುಪಡಿಯೇ ಹೆಚ್ಚು ಮಹತ್ವದ್ದು.

ಈ ತಿದ್ದುಪಡಿಗೂ ಮುಂಚೆ, ಆಕ್ಲೆಂಡ್‌ನ ಬಾಸ್ಟಿಯನ್ ಪಾಯಿಂಟ್‌ನಲ್ಲಿ ಮಾವೋರಿ ಪ್ರತಿಭಟನಕಾರರು ತಮ್ಮ ಜಮೀನಿಗಾಗಿ 506 ದಿನ ನೆಲ ಬಿಡದೆ ಕುಳಿತರು. 1978ರ ಮೇ 25ರಂದು 222 ಮಂದಿಯ ಬಂಧನವಾಯಿತು. ಕೊನೆಗೆ ಸರ್ಕಾರ ಆ ಜಮೀನನ್ನು ಮರಳಿಸಲು ಒಪ್ಪಿತು.

ಗಮನಿಸಿ: ಶಾಸನದಲ್ಲಿ ಅಳವಡಿಸದ ಹೊರತು ಒಪ್ಪಂದವನ್ನು ನ್ಯಾಯಾಲಯದಲ್ಲಿ ನೇರವಾಗಿ ಜಾರಿಗೊಳಿಸಲಾಗದು. 1987ರಲ್ಲಿ ಮಾವೋರಿ ಅಧಿಕೃತ ಭಾಷೆಯಾಯಿತು. ಒಪ್ಪಂದದ ತತ್ವಗಳಿಗೆ ಹೊಸ ವ್ಯಾಖ್ಯೆ ಕೊಡಲು ಹೊರಟ ಮಸೂದೆಯ ವಿರುದ್ಧ 2024ರ ನವೆಂಬರ್‌ನಲ್ಲಿ ಹತ್ತಾರು ಸಾವಿರ ಜನ ಸಂಸತ್ತಿನ ಮುಂದೆ ಸೇರಿದರು. 2025ರ ಏಪ್ರಿಲ್‌ನಲ್ಲಿ ಅದು 112–11 ಮತಗಳಿಂದ ಬಿದ್ದುಹೋಯಿತು.