ಜೇನ್ನೊಣವೂ ನಮ್ಮ ಹಿತ್ತಲೂ

ಓದತಕ್ಕ ವೇದಭಾಗ: ಯಾಜಕಕಾಂಡ 19:9-10, ಧರ್ಮೋಪದೇಶಕಾಂಡ 22:6-7

ಪ್ರಿಯರೇ, ಪೈರು ಕೊಯ್ಯುವವನು ಹೊಲದ ಅಂಚನ್ನು ಬಡವರಿಗೆ ಬಿಡಬೇಕೆಂತಲೂ, ಗೂಡನ್ನು ಕಂಡವನು ಮರಿಗಳ ಸಂಗಡ ತಾಯಿಹಕ್ಕಿಯನ್ನು ಹಿಡಿಯಬಾರದೆಂತಲೂ ದೇವರು ಇಸ್ರಾಯೇಲ್ಯರಿಗೆ ವಿಧಿಸಿದನು. ಈ ವಿಧಿಗಳ ಭಾವವನ್ನು ನಾವೇ ಮೀರಿದ್ದುಂಟು. ಕೆಲವು ವರುಷಗಳ ಕೆಳಗೆ ನಮ್ಮ ಪ್ರಾರ್ಥನಾಲಯದ ಸೂರಿಗೆ ಹೆಜ್ಜೇನು ಕಟ್ಟಿತು. ಮಕ್ಕಳನ್ನು ಕಚ್ಚೀತೆಂದು ಹೆದರಿ, ರಾತ್ರಿ ಪಂಜು ಹಿಡಿಸಿ ಸುಡಿಸಿದೆವು. ಬೆಳಿಗ್ಗೆ ಆರಾಧನೆಗೆ ಬಂದವರು ಸತ್ತ ನೊಣಗಳನ್ನು ತುಳಿದೇ ಒಳಗೆ ಬರಬೇಕಾಯಿತು. ಆ ಸಾರಿ ಹಿತ್ತಲಿನ ಕುಂಬಳಬಳ್ಳಿಯಲ್ಲಿ ಹೂವು ತುಂಬಿದ್ದರೂ ಪಿಂದೆಗಳು ಹಳದಿಯಾಗಿ ಉದುರಿದವು. ಕಾರಣವು ಅದೊಂದೇ ಎನ್ನಲಾರೆವು. ಆದರೂ ನಮ್ಮ ಮನಸ್ಸಾಕ್ಷಿಯು ಚುಚ್ಚಿತು.

ಕುಂಬಳ, ಹೀರೆ, ಸೋರೆ, ಸೌತೆಗಳಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಒಂದರ ಪರಾಗವು ಇನ್ನೊಂದನ್ನು ಮುಟ್ಟದೆ ಕಾಯಿ ನಿಲ್ಲದು. ಅದನ್ನು ಹೊತ್ತು ತರುವ ಆಳುಗಳಲ್ಲಿ ಜೇನ್ನೊಣವು ಮುಖ್ಯವಾದದ್ದು.

ನಮ್ಮ ವೈಟ್‌ಫೀಲ್ಡ್ 1882ರಲ್ಲಿ ಒಕ್ಕಲುತನದ ನೆಲೆಯಾಗಿ ಹುಟ್ಟಿದ ಊರು. ಸುತ್ತಣ ಸೀಮೆಯ ಹಿರಿಯರು ರಾಗಿಯ ನಡುವೆ ಹುಚ್ಚೆಳ್ಳಿನ ಸಾಲು ಬಿತ್ತಿ ಜೇನಿಗೂ ಊಟವಿಡುತ್ತಿದ್ದರು. ಈಗ ಹೊಲವಿದ್ದಲ್ಲಿ ಗಾಜಿನ ಕಟ್ಟಡಗಳೆದ್ದಿವೆ; ಹೆಜ್ಜೇನು ಬಂಡೆಯೆಂದೆಣಿಸಿ ಅವುಗಳಿಗೇ ತೂಗಿಕೊಳ್ಳುತ್ತದೆ. ಅದು ಬಯಲಿನಲ್ಲಿ ಒಂದೇ ಎರಿ ಕಟ್ಟುವದು, ಪೆಟ್ಟಿಗೆಯಲ್ಲಿ ನಿಲ್ಲದು. ಕೆಣಕದೆ ಬಿಟ್ಟರೆ ಹೂವಿನ ಕಾಲ ಮುಗಿದ ಮೇಲೆ ತಾನೇ ಹೊರಟುಹೋಗುವದು. ಅಪಾಯದ ಸ್ಥಳದಲ್ಲಿದ್ದರೆ ಪಳಗಿದವರನ್ನು ಕರೆಯಿರಿ. ಬೆಂಕಿಯನ್ನೂ ವಿಷವನ್ನೂ ಮುಟ್ಟಬೇಡಿರಿ.

ಮನೆಯಲ್ಲಿ ಸಾಕತಕ್ಕದ್ದು ತುಡುವೆ. ಅದು ಕತ್ತಲೆಯ ಪೊಟರೆಯಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವದರಿಂದ ಚೌಕಟ್ಟುಗಳುಳ್ಳ ಪೆಟ್ಟಿಗೆಗೆ ಒಗ್ಗುತ್ತದೆ. 1910ರ ದಶಕದಲ್ಲಿ ತಿರುಚಿನಾಪಳ್ಳಿ ಸೀಮೆಯ ನ್ಯೂಟನ್ ಪಾದ್ರಿಗಳು ಇದಕ್ಕೆ ತಕ್ಕ ಪೆಟ್ಟಿಗೆಯನ್ನು ರೂಪಿಸಿ ಹಳ್ಳಿಗರಿಗೆ ಕಲಿಸಿದರು. ಅದು ಇಂದಿಗೂ ಅವರ ಹೆಸರಿನಿಂದಲೇ ಕರೆಯಲ್ಪಡುತ್ತದೆ.

ಪೆಟ್ಟಿಗೆಯನ್ನು ನೆರಳಿನಲ್ಲಿ, ಜನರ ದಾರಿಗೆ ದೂರವಾಗಿಡಿರಿ. ಕಾಲುಗಳ ಕೆಳಗೆ ನೀರಿನ ಬಟ್ಟಲಿಟ್ಟರೆ ಇರುವೆ ಹತ್ತದು. ಮಳೆಗಾಲದಲ್ಲಿ ಹೂವು ಕಡಿಮೆಯಾದಾಗ ಸಕ್ಕರೆಯ ಪಾಕವನ್ನು ಕೊಡಿರಿ. ರೋಗವಿಲ್ಲದ ಕುಟುಂಬವನ್ನೇ ಕೊಳ್ಳಿರಿ: 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿರೋಗವು ದಕ್ಷಿಣದಲ್ಲಿ ತುಡುವೆಯನ್ನು ಬಹಳವಾಗಿ ನಾಶಮಾಡಿತು. ಕಚ್ಚಿಸಿಕೊಂಡವನಿಗೆ ಉಸಿರು ಕಟ್ಟಿದರೆ ತಡವಿಲ್ಲದೆ ಆಸ್ಪತ್ರೆಗೆ ಒಯ್ಯಿರಿ.

ಕೆಳಗಿನ ಸಂಸಾರಕೋಣೆಯಲ್ಲಿ ರಾಣಿಯೂ ಮರಿಗಳೂ ಇರುವವು, ಅದನ್ನು ಹಿಂಡಬೇಡಿರಿ. ಮೇಲಿನ ಜೇನುಕೋಣೆಯಿಂದ ಮಾತ್ರ ತೆಗೆಯಿರಿ, ಅಲ್ಲಿಯೂ ಸ್ವಲ್ಪ ಬಿಡಿರಿ. ತಾಯಿಹಕ್ಕಿಯ ವಿಧಿಯೂ ಹೊಲದ ಅಂಚಿನ ವಿಧಿಯೂ ಇಲ್ಲಿ ನೆರವೇರುವವು.

ಪೆಟ್ಟಿಗೆ ಕೊಳ್ಳಲಾರದವರು ಹಿತ್ತಲಿನಲ್ಲಿ ಒಂದು ನುಗ್ಗೆ, ಬೇಲಿಯಲ್ಲಿ ಒಂದು ಹೊಂಗೆ ನೆಡಲಿ. ತಟ್ಟೆಯಲ್ಲಿ ಕಲ್ಲುಹರಳುಗಳನ್ನು ಹಾಕಿ ನೀರಿಡಲಿ. ಅರಳಿದ ಹೂವಿನ ಮೇಲೆ ಔಷಧಿ ಹೊಡೆಯದಿರಲಿ. ಕಳೆದ ವರುಷ ಅದೇ ಸೂರಿಗೆ ಹೆಜ್ಜೇನು ಮರಳಿ ಬಂತು. ಸಭೆಯವರು ಆ ಬಾಗಿಲನ್ನು ಮುಚ್ಚಿ, ಅದು ಹೋಗುವ ತನಕ ಹಿಂದಿನ ಬಾಗಿಲಿನಿಂದ ಆರಾಧನೆಗೆ ಬಂದರು.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆ: ನಮ್ಮ ಹಿತ್ತಲಿನಲ್ಲಿ ದೇವರ ಅಲ್ಪಜೀವಿಗಳಿಗೆ ನಾವು ಬಿಟ್ಟ ಅಂಚು ಯಾವದು?