ಸಾಲಗಾರನ ಸೆರೆಯೂ ಅಂತರರಾಷ್ಟ್ರೀಯ ಕಾನೂನೂ

ಅಂತರರಾಷ್ಟ್ರೀಯ ಕಾನೂನಿಗೆ ಪೊಲೀಸರಿಲ್ಲ, ಅಮೀನರಿಲ್ಲ, ಸೆರೆಮನೆಯಿಲ್ಲ. ಅದು ಮನುಷ್ಯನ ಹಕ್ಕನ್ನು ಕಾಪಾಡುವುದೆಂತು? ರಾಜ್ಯಶಾಸ್ತ್ರದ ತರಗತಿಯಲ್ಲಿ ಈ ಪ್ರಶ್ನೆ ಏಳದ ವರ್ಷವಿಲ್ಲ. 1948ರ ಡಿಸೆಂಬರ್ 10ರ ವಿಶ್ವ ಘೋಷಣೆಯ ಮೂವತ್ತು ವಿಧಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬರುತ್ತೇವೆ. ಅಂಕಗಳೇನೋ ದೊರೆಯುತ್ತವೆ, ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆದುದರಿಂದ ಒಂದೇ ಒಂದು ಮೊಕದ್ದಮೆಯನ್ನು ಹಿಡಿದು ಈ ವಿಷಯವನ್ನು ಪರಿಶೀಲಿಸುವುದು ಲೇಸೆಂದು ನನಗೆ ತೋರಿತು.

ಘೋಷಣೆಯ ತತ್ತ್ವಗಳಿಗೆ ಕರಾರಿನ ರೂಪ ಕೊಟ್ಟುವು 1966ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಎರಡು ಒಡಂಬಡಿಕೆಗಳು. ಅವುಗಳಲ್ಲಿ ನಾಗರಿಕ ಹಾಗೂ ರಾಜಕೀಯ ಹಕ್ಕುಗಳ ಒಡಂಬಡಿಕೆಯ 11ನೆಯ ವಿಧಿ ಬಹಳ ಚಿಕ್ಕದು. ಕರಾರಿನಂತೆ ನಡೆಯಲು ಶಕ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಸೆರೆಯಲ್ಲಿಡಕೂಡದೆಂಬುದು ಅದರ ಸಾರ. ಭಾರತ ಈ ಒಡಂಬಡಿಕೆಗೆ ಸೇರಿದ್ದು 1979ರಲ್ಲಿ.

ಇತ್ತ ನಮ್ಮಲ್ಲಿ 1908ರ ಸಿವಿಲ್ ಪ್ರೊಸೀಜರ್ ಕೋಡಿನ 51ನೆಯ ಸೆಕ್ಷನ್ ಇದೆ. ಸಾಲಗಾರನಿಗೆ ಹಣ ಕೊಡುವ ಅನುಕೂಲವಿದ್ದು, ಅಥವಾ ಡಿಕ್ರಿಯಾದ ಈಚೆಗೆ ಎಂದಾದರೂ ಇದ್ದು, ಕೊಡದೆ ಹೋದರೆ ಅವನನ್ನು ಸಿವಿಲ್ ಜೈಲಿಗೆ ಕಳುಹಿಸಬಹುದು. ಡಿಕ್ರಿ, ಜಪ್ತಿ, ವಾರಂಟು ಎಂಬ ಮಾತುಗಳಿಗೆ ನಮ್ಮ ಹಳ್ಳಿಗಳಲ್ಲಿ ಯಾರೂ ಅರ್ಥ ಕೇಳುವುದಿಲ್ಲ. ತೊಡಕಿರುವುದು ‘ಎಂದಾದರೂ ಇದ್ದು’ ಎಂಬಲ್ಲಿ. ಸುಗ್ಗಿಯಲ್ಲಿ ನಾಲ್ಕು ಕಾಸು ಕಂಡ ರೈತ ಮಗಳ ಕಾಯಿಲೆಗೆ ಅದನ್ನೆಲ್ಲ ಸುರಿದು ಇಂದು ಬರಿಗೈಯಲ್ಲಿ ನಿಂತಿದ್ದರೆ? ಅಕ್ಷರಕ್ಕೆ ಅಂಟಿಕೊಂಡು ಓದಿದರೆ ಅವನಿಗೂ ಜೈಲೇ.

1980ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಕೊಚ್ಚಿನ್ ಬ್ಯಾಂಕಿನ ಮೊಕದ್ದಮೆಯಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆ. ಸಾಲಗಾರರ ಆಸ್ತಿ ಆಗಲೇ ಜಪ್ತಿಯಾಗಿತ್ತು. ಮೇಲೆ ದಸ್ತಗಿರಿಯ ವಾರಂಟೂ ಹೊರಟಿತ್ತು. ಈಗ ಅವರಿಗೆ ಕೊಡುವ ಶಕ್ತಿಯಿದೆಯೇ ಎಂದು ಕೆಳಗೆ ಸರಿಯಾದ ವಿಚಾರಣೆ ನಡೆದಿರಲಿಲ್ಲ. ತೀರ್ಪು ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ಪಾರ್ಲಿಮೆಂಟು ಕಾಯಿದೆ ಮಾಡುವ ತನಕ ಒಡಂಬಡಿಕೆಯು ತಾನಾಗಿ ಇಲ್ಲಿನ ಕಾನೂನಾಗದೆಂದು ಅವರು ಮೊದಲೇ ಒಪ್ಪಿದರು. ಇಷ್ಟಕ್ಕೇ ಕಡತ ಮುಚ್ಚಬಹುದಾಗಿತ್ತು. ಆದರೆ ಅವರು ನಮ್ಮ ಸಂವಿಧಾನದ 21ನೆಯ ವಿಧಿಯನ್ನೂ ಒಡಂಬಡಿಕೆಯನ್ನೂ ಎದುರಿಗಿಟ್ಟುಕೊಂಡು 51ನೆಯ ಸೆಕ್ಷನ್ನನ್ನು ಹೊಸದಾಗಿ ಓದಿದರು. ಹಣ ಕೊಡದಿರುವುದಷ್ಟೇ ಸಾಲದು, ಅದರ ಹಿಂದೆ ದುರ್ಬುದ್ಧಿಯೂ ಇರಬೇಕು. ಇಂದಿನ ಕಷ್ಟನಷ್ಟಗಳನ್ನು ವಿಚಾರಿಸಲೇಬೇಕು ಎಂದು ತೀರ್ಮಾನವಾಯಿತು. ಮೊಕದ್ದಮೆ ಮರುವಿಚಾರಣೆಗೆ ಹಿಂದಿರುಗಿತು. ಸಾಲವೇನೂ ಮನ್ನಾ ಆಗಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಕಾಯಿದೆಯ ಒಂದು ಅಕ್ಷರವೂ ಬದಲಾಗದೆ ಅದರ ಅರ್ಥ ಬದಲಾಯಿತು. ನನ್ನ ತಿಳಿವಳಿಕೆಯ ಮಟ್ಟಿಗೆ ಅಂತರರಾಷ್ಟ್ರೀಯ ಕಾನೂನು ನಮ್ಮ ಬಾಗಿಲಿಗೆ ಬರುವ ದಾರಿ ಬಹುಪಾಲು ಇದೇ. ಅದಕ್ಕೆ ಅಮೀನನನ್ನು ಒದಗಿಸಿಕೊಡುವುದು ದೇಶದ ಕೋರ್ಟು. 1997ರ ವಿಶಾಖಾ ತೀರ್ಪಿನಲ್ಲಿಯೂ ಸ್ತ್ರೀಯರ ವಿರುದ್ಧದ ತಾರತಮ್ಯವನ್ನು ತೊಡೆಯುವ ಒಡಂಬಡಿಕೆಯನ್ನು ಆಧರಿಸಿಯೇ ಸುಪ್ರೀಂ ಕೋರ್ಟು ಕೆಲಸದ ಸ್ಥಳಗಳಿಗೆ ನಿಯಮಗಳನ್ನು ವಿಧಿಸಿತು. ಪಾರ್ಲಿಮೆಂಟಿನ ಕಾಯಿದೆ ಬಂದದ್ದು 2013ರಲ್ಲಿ.

ಈ ದಾರಿ ಸುಗಮವೆಂದು ನಾನು ಹೇಳಲಾರೆ. 51ನೆಯ ಸೆಕ್ಷನ್ ರದ್ದಾಗಿಲ್ಲ. ಬಡ ಸಾಲಗಾರನ ಪರವಾಗಿ ತಾಲ್ಲೂಕು ಕೋರ್ಟಿನಲ್ಲಿ ಯಾರಾದರೂ ಎದ್ದು ನಿಂತು ಈ ತೀರ್ಪನ್ನು ತೋರಿಸಬೇಕು. ಒಡಂಬಡಿಕೆಗೆ ಹದಿನೆಂಟು ಸದಸ್ಯರ ಮಾನವ ಹಕ್ಕುಗಳ ಸಮಿತಿಯೊಂದಿದೆ. ಐಚ್ಛಿಕ ಒಪ್ಪಂದವನ್ನು ಒಪ್ಪಿದ ದೇಶಗಳ ಪ್ರಜೆಗಳು ತಮ್ಮ ಕೋರ್ಟುಗಳಲ್ಲೆಲ್ಲ ಸೋತ ಮೇಲೆ ಅದಕ್ಕೆ ದೂರು ಬರೆದುಕೊಳ್ಳಬಹುದು. ಭಾರತ ಅದನ್ನು ಒಪ್ಪಿಲ್ಲ. ನಮ್ಮ ಸಾಲಗಾರನ ಅರ್ಜಿಗೆ ದೆಹಲಿಯೇ ಕೊನೆಯ ನಿಲ್ದಾಣ.