ಜಕರೀಯ–ಎಲಿಸಬೇತರ ಮನೆಗೆ ಹೋಗೋಣ

ಲೂಕ 1ನೇ ಅಧ್ಯಾಯ ತೆಗೀರಿ.

ರಿಟೈರ್ ಆದ ಮೇಲೆ ಹಳ್ಳಿಗೆ ಮಿಷನರಿಗಳಾಗಿ ಹೋದ ನಮ್ಮ ಅಂಕಲ್–ಆಂಟಿ ನಿಮಗೆ ಗೊತ್ತು. ಹೋದ ಡಿಸೆಂಬರ್‌ನಲ್ಲಿ ನಾನೇ ಫೋನ್ ಮಾಡಿ, “ಅಂಕಲ್, ಈ ಸಲ ನೀವು ರೆಸ್ಟ್ ತಗೊಳ್ಳಿ, ಕ್ಯಾರಲ್ಸ್, ಮೆಸೇಜ್ ಎಲ್ಲಾ ನಮ್ಮ ಯೂತ್ಸ್ ನೋಡ್ಕೋತಾರೆ” ಅಂದೆ. ಪ್ರೀತಿಯಿಂದಲೇ ಅಂದದ್ದು. ನಾವು ಹೋದೆವು, ಹಾಡಿದೆವು, ಫೋಟೋ ತೆಗೆದು ರಾತ್ರಿಯೇ ವಾಪಸ್. ಆಂಟಿ ಎರಡು ಡಬ್ಬ ರೋಸ್ ಕುಕ್ಕೀಸ್ ಮಾಡಿಟ್ಟಿದ್ದರು. ಆಮೇಲೆ ಫೋನಲ್ಲಿ, “ಮಕ್ಕಳು ಬಂದದ್ದು ಸಂತೋಷ ಪಾಸ್ಟರ್. ಅವರ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡೋಕೆ ಟೈಮ್ ಸಿಗಲಿಲ್ಲ” ಅಂದರು.

ಈಗ ನೋಡಿ, ಜಕರೀಯನು ವೃದ್ಧ, ಆದರೂ ದೇವಾಲಯದಲ್ಲಿ ತನ್ನ ಸರದಿಯ ಸೇವೆ ಬಿಟ್ಟಿರಲಿಲ್ಲ. ದೂತನು ಕಾಣಿಸಿಕೊಂಡದ್ದೇ ಅಲ್ಲಿ. ಯೌವನಸ್ಥಳಾದ ಮರಿಯಳು ಅವಸರದಿಂದ ಹೋದದ್ದು ಈ ದಂಪತಿಯ ಮನೆಗೆ. ಎಲಿಸಬೇತಳು ಪವಿತ್ರಾತ್ಮಭರಿತಳಾಗಿ ಆಕೆಯನ್ನು ಹರಸಿದಳು (ವ. 41). ಜಕರೀಯನೂ ಆತ್ಮಭರಿತನಾಗಿ ಪ್ರವಾದಿಸಿದನು (ವ. 67). ಇದೆಲ್ಲಾ ಬೇತ್ಲೆಹೇಮಿನ ರಾತ್ರಿಗೆ ಮೊದಲೇ! ಮರಿಯಳೇನು ಸೆಲ್ಫಿ ತಗೊಂಡು ಓಡಿಬರಲಿಲ್ಲ, ಸುಮಾರು ಮೂರು ತಿಂಗಳು ಅಲ್ಲೇ ಇದ್ದಳು.

ನಾನು ರೆಸ್ಟ್ ಅಂದುಕೊಂಡು ಅವರ ಸೇವೆಯನ್ನೇ ಕಿತ್ತುಕೊಂಡಿದ್ದೆ. ಕ್ಷಮೆ ಕೇಳಿದ್ದೇನೆ. ಈ 24ಕ್ಕೆ ಮೆಸೇಜ್ ಅಂಕಲ್‌ದೇ. ರಾತ್ರಿ ಅಲ್ಲೇ ತಂಗುತ್ತೇವೆ, ಬರೋರು ಬೆಡ್‌ಶೀಟ್ ತನ್ನಿ.